ಹುಳು ಹಣ್ಣಾದ ದಿನ ನಾನು ತಿಂದ ಲೇಹ್ಯ

ನನ್ನ ಕರುಳಿಗೆ ದೊಡ್ಡ ಕಾಯಿಲೆ ಏನೂ ಇಲ್ಲ, ಅದಕ್ಕೆ ಸ್ವಲ್ಪ ಮುಂಗೋಪ ಅಷ್ಟೇ, ಇದನ್ನು ಐಬಿಎಸ್ ಅನ್ನುತ್ತಾರೆ ಎಂದು ಡಾಕ್ಟರು ಹೇಳಿದಾಗ ನನಗೆ ನೆಮ್ಮದಿಯೇ ಆಯಿತು. ಮುಂಗೋಪಿಗಳ ಜೊತೆ ಏಗುವುದು ನನಗೆ ಹೊಸದಲ್ಲ. ವೇಮಗಲ್‌ನ ಫ್ಯಾಕ್ಟರಿಯೊಂದರಲ್ಲಿ ಒಂಬತ್ತು ವರ್ಷದಿಂದ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ, ಅಲ್ಲಿಯ ಸೂಪರ್‌ವೈಸರನ್ನೇ ಸಂಭಾಳಿಸಿದವನು ಒಂದು ಕರುಳನ್ನು ಸಂಭಾಳಿಸಲಾರೆನೇ? ಆದರೆ ಸೂಪರ್‌ವೈಸರು ಭಾನುವಾರ ರಜೆ ಕೊಡುತ್ತಾನೆ. ಕರುಳು ಕೊಡುವುದಿಲ್ಲ.

ಊರಿನಲ್ಲಿ ಔಷಧಿಗೇನೂ ಬರವಿರಲಿಲ್ಲ. ಒಬ್ಬರು ಮಜ್ಜಿಗೆಗೆ ಮೆಂತ್ಯ ಹಾಕಿಕೊಂಡು ಕುಡಿ ಎಂದರು. ಇನ್ನೊಬ್ಬರು ಮಜ್ಜಿಗೆಯನ್ನೇ ಮುಟ್ಟಬೇಡ ಎಂದರು. ಯಾರಿಗೂ ಬೇಸರವಾಗಬಾರದೆಂದು ಇಬ್ಬರ ಮಾತನ್ನೂ ದಿನ ಬಿಟ್ಟು ದಿನ ಪಾಲಿಸಿದೆ. ಗೌನಿಪಲ್ಲಿಯ ನನ್ನ ಷಡ್ಡಕ ತನ್ನ ತೋಟದ ಮಾವಿನ ಓಟೆಯನ್ನು ಒಣಗಿಸಿ, ಪುಡಿ ಮಾಡಿ ಕಳಿಸಿದ. ಅದು ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಮಾಡಿತೆಂದರೆ ನಾಲ್ಕು ದಿನ ಏನೂ ಕದಲಲಿಲ್ಲ, ಐದನೆಯ ದಿನ ಮನೆದೇವರಿಗೆ ಹರಕೆ ಹೊರಬೇಕಾಯಿತು.

ಇಷ್ಟೆಲ್ಲ ಪಾಡು ಬರೀ ನನಗಾಗಿ ಪಟ್ಟದ್ದಲ್ಲ. ನನ್ನ ಹೆಂಡತಿ ಮಂಜುಳ ರೇಷ್ಮೆ ಹುಳು ಸಾಕುತ್ತಾಳೆ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ತಯಾರಾಗುವುದಕ್ಕೆ ಹಣ್ಣಾಗುವುದು ಎನ್ನುತ್ತೇವೆ. ಆ ದಿನ ಮನೆಯವರೆಲ್ಲ ಕೂತು, ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ತಡವಾದರೆ ಬೆಳೆ ಕೆಟ್ಟಿತು. ಹೋದ ಬೆಳೆಯಲ್ಲಿ ನಾನು ಆ ದಿನವಿಡೀ ಹಿತ್ತಲಿಗೂ ಮನೆಗೂ ಓಡಾಡಿಕೊಂಡಿದ್ದೆ. ಅವಳೊಬ್ಬಳೇ ಆರಿಸಿದಳು. ಅರ್ಧಕ್ಕರ್ಧ ಹುಳು ಸೊಪ್ಪಿನ ಕಡ್ಡಿಗಳಲ್ಲೇ ಗೂಡು ಕಟ್ಟಿಬಿಟ್ಟವು. ಅವಳು ಕಡ್ಡಿ ಕಡ್ಡಿಯಿಂದ ಅವನ್ನು ಬಿಡಿಸುತ್ತಾ ಕೂತಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಈ ಸಲ ಆ ಒಂದು ದಿನವಾದರೂ ಅವಳ ಪಕ್ಕದಲ್ಲಿ ಕೂತಿರಬೇಕೆಂದು ನಿಶ್ಚಯಿಸಿದೆ.

ಕೋಲಾರದ ಆಯುರ್ವೇದದ ಡಾಕ್ಟರೊಬ್ಬರು ಚೀಟಿ ಬರೆದು ಒಂದು ಲೇಹ್ಯ ಕೊಡಿಸಿದರು. "ಇದ್ರಲ್ಲಿ ಭಂಗಿ ಸೊಪ್ಪಿದೆ. ರಾತ್ರಿ ಊಟ ಆದ್ಮೇಲೆ ಕಡಲೆ ಗಾತ್ರ, ಅಷ್ಟೇ. ಹಗಲು ಕೆಲಸ ಇರೋವಾಗ ಮುಟ್ಟಬೇಡಿ," ಎಂದು ಎರಡು ಸಲ ಹೇಳಿದರು. ನಾನು ಎರಡು ಸಲವೂ ತಲೆಯಾಡಿಸಿದೆ.

ಭಂಗಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮಂಜುಳ ಡಬ್ಬಿಯನ್ನು ಅಟ್ಟದ ಮೇಲಿಟ್ಟಳು. "ಸಾಧುಗಳು ತಿನ್ನೋದನ್ನ ಸಂಸಾರಸ್ಥರು ತಿಂದ್ರೆ ಹೆಂಗ್ರೀ?"

"ಲೈಸೆನ್ಸ್ ಇರೋ ಔಷಧಿ ಕಣೇ," ಎಂದೆ.

"ಔಷಧಿಗೈತೆ. ನಿಮಗೆಲ್ಲೈತೆ?"

ಹುಳು ಹಣ್ಣಾದ ದಿನ ಬೆಳಿಗ್ಗೆಯೇ ಹೊಟ್ಟೆ ಗುಡುಗಿತು. ಸ್ಟೂಲು ಹಾಕಿಕೊಂಡು ಡಬ್ಬಿ ಇಳಿಸಿ ಕಡಲೆ ಗಾತ್ರ ತಿಂದೆ. ಅರ್ಧ ಗಂಟೆಯಾದರೂ ಏನೂ ಆಗಲಿಲ್ಲ. ಡಾಕ್ಟರು ಯಾವ ಊರಿನ ಕಡಲೆ ಎಂದು ಹೇಳಿರಲಿಲ್ಲವಲ್ಲ! ನೆಲ್ಲಿಕಾಯಿ ಗಾತ್ರ ತಿಂದು ಹುಳದ ಮನೆಯಲ್ಲಿ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಹೊಟ್ಟೆ ಶಾಂತವಾಯಿತು. ಅದರ ಹಿಂದೆಯೇ ನಾನೂ ಶಾಂತನಾದೆ. ಹಣ್ಣಾದ ಹುಳು ಗೂಡು ಕಟ್ಟುವ ಮೊದಲು ಹೊಟ್ಟೆಯಲ್ಲಿ ಇರುವುದನ್ನೆಲ್ಲ ಹೊರಗೆ ಹಾಕುತ್ತದೆ. ಒಂದೇ ಸಲ. ಆಮೇಲೆ ಆ ವಿಚಾರವೇ ಇಲ್ಲ. ನನ್ನ ಅಂಗೈ ಮೇಲೆ ಒಂದು ಹುಳು ಆ ಕಾರ್ಯವನ್ನು ಮುಗಿಸಿದಾಗ ನನಗೆ ಕಣ್ಣು ತುಂಬಿ ಬಂತು. ಅದನ್ನು ಕೆಳಗಿಟ್ಟು ಕೈ ಮುಗಿದೆ.

ಆರಿಸಲು ಬಂದಿದ್ದ ಪಕ್ಕದ ಮನೆಯ ಚೌಡಮ್ಮಜ್ಜಿ ಅದನ್ನು ನೋಡಿಬಿಟ್ಟಳು. "ಏಮಯ್ಯಿಂದಪ್ಪಾ ನೀಕು, ಏನಾಯ್ತು? ಹುಳಕ್ಕೆ ಯಾಕೆ ಕೈ ಮುಗೀತೀಯ?"

"ಇದು ಪುಣ್ಯ ಮಾಡೈತೆ ಅಜ್ಜಿ. ಇದಕ್ಕೆ ಐಬಿಎಸ್ ಇಲ್ಲ."

"ಮಂಜುಳಾ, ನಿನ್ನ ಗಂಡಂಗೆ ಏನೋ ಆಗೈತೆ ನೋಡು."

"ಎದ್ದು ಹೋಗ್ದೆ ಕೂತವ್ರಲ್ಲ ಅಜ್ಜಿ, ಅದೇ ಸಾಕು ಬಿಡು," ಎಂದಳು ಮಂಜುಳ, ಕೈಯ ಕೆಲಸ ನಿಲ್ಲಿಸದೆ. ಆ ಮಾತಿನಲ್ಲಿದ್ದ ಸಂತೋಷ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಚಂದ್ರಿಕೆಯಲ್ಲಿ ಹುಳುಗಳನ್ನು ಬಿಡಿಬಿಡಿಯಾಗಿ ಬಿಡಬೇಕು. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಆ ಹೊತ್ತಿನಲ್ಲಿ ನನಗೆ ಅದು ಘೋರ ಅನ್ಯಾಯವೆನಿಸಿತು. ಪಾಪದ ಜೀವಗಳು, ಗೂಡಿನೊಳಗೆ ಒಂಟಿಯಾಗಿ ಹೇಗಿರುತ್ತವೆ? ಎರಡೆರಡನ್ನು ಮೈಗೆ ಮೈ ತಾಗಿಸಿ ಕೂರಿಸುತ್ತಾ ಹೋದೆ. ಒಂದು ಸಲವೂ ಏಳಲಿಲ್ಲ. ಆರು ಚಂದ್ರಿಕೆ ತುಂಬಿಸಿ, ಏಳನೆಯದರ ಪಕ್ಕದಲ್ಲಿ ಒರಗಿದವನು ಎದ್ದದ್ದು ಮಾರನೆಯ ದಿನ ಹಾಲಿನವನು ಕೂಗಿದಾಗ.

ಐದು ದಿನದ ಮೇಲೆ ಗೂಡು ಬಿಡಿಸಿದೆವು. ಮಂಜುಳ, ಅಜ್ಜಿ ಬಿಟ್ಟ ಹುಳುಗಳ ಗೂಡು ಒಂದೇ ಸಮನಾಗಿ, ಬೆಳ್ಳಗೆ, ಗಟ್ಟಿಯಾಗಿ ಬಂದಿದ್ದವು. ನನ್ನ ಆರು ಚಂದ್ರಿಕೆಯಲ್ಲಿ ಊದಿಕೊಂಡ ಜೋಡಿ ಗೂಡುಗಳು. ಜೋಡಿ ಗೂಡಿನಲ್ಲಿ ಎರಡೂ ಹುಳುಗಳ ನೂಲು ಸಿಕ್ಕುಹಾಕಿಕೊಂಡಿರುತ್ತದೆ, ಬಿಚ್ಚಲು ಬರುವುದಿಲ್ಲ. ಮಾರುಕಟ್ಟೆಯಲ್ಲಿ ಒಳ್ಳೆಯ ಗೂಡಿನ ಜೊತೆ ಅವನ್ನು ಯಾರೂ ಕೊಳ್ಳುವುದಿಲ್ಲ. ಮಂಜುಳ ಅವನ್ನು ಆರಿಸಿ ಬೇರೆ ಕುಕ್ಕೆಗೆ ಹಾಕತೊಡಗಿದಳು. ಕುಕ್ಕೆ ತುಂಬಿತು. ನಾನು ಬೈಗುಳಕ್ಕೆ ತಯಾರಾಗಿ, ತಲೆ ತಗ್ಗಿಸಿ ನಿಂತಿದ್ದೆ.

ಅವಳು ಒಂದು ಜೋಡಿ ಗೂಡನ್ನು ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ನೋಡ್ರೀ, ಇದ್ರೊಳಗೆ ಇಬ್ಬರವ್ರೆ," ಎಂದಳು. "ಇಬ್ರೂ ಸೇರಿ ಕಟ್ಟವ್ರೆ."

ಉತ್ತರ ಕೊಡಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೊಟ್ಟೆ ಗುಡುಗಿತು, ನಾನು ಹಿತ್ತಲಿಗೆ ಓಡಿದೆ.