ಕಂಬದಾಚೆಯ ಬುಟ್ಟಿ

ಅಂಚೆಮಾವ ತೀರಿಕೊಂಡ ಸುದ್ದಿ ಬಂದಾಗ ಕನ್ನಡಕದಂಗಡಿಯವನು ಗಿರಾಕಿಯೊಬ್ಬಳ ಮೂಗಿನ ಮೇಲೆ ಹೊಸ ಫ್ರೇಮು ಕೂರಿಸುತ್ತಿದ್ದ. ಸುದ್ದಿ ತಂದವನು ಎದುರಿನ ಸಲೂನಿನವನು. ಅವನ ಕೈಯಲ್ಲಿ ಸೋಪಿನ ನೊರೆ ಇನ್ನೂ ಆರಿರಲಿಲ್ಲ. ಅರ್ಧ ಗಡ್ಡ ಹೆರೆಸಿಕೊಂಡಿದ್ದ ಒಬ್ಬಾತ ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಅವನ ಹಿಂದೆ ಬಂದು ನಿಂತಿದ್ದ.

“ಮಾವ ಹೋಗ್ಬಿಟ್ರು ಕಣಯ್ಯಾ. ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ.”

ಬೀದಿಯವರೆಲ್ಲ ‘ಕನ್ನಡಕ’ ಎಂದೇ ಕರೆಯುತ್ತಿದ್ದ ಆ ಮನುಷ್ಯ ಫ್ರೇಮನ್ನು ಅವಳ ಮೂಗಿನ ಮೇಲೆ ಓರೆಯಾಗಿಯೇ ಬಿಟ್ಟು ಸ್ಟೂಲಿನ ಮೇಲೆ ಕುಸಿದ. ಗಿರಾಕಿ ಒಳ್ಳೆಯವಳು. ಓರೆ ಕನ್ನಡಕದಲ್ಲೇ ಅವನಿಗೆ ಸಮಾಧಾನ ಹೇಳಿದಳು.

ಅಂಚೆಮಾವ ನಿವೃತ್ತ ಪೋಸ್ಟ್‌ಮನ್. ಊರಿನ ಬಾಸ್ಕೆಟ್‌ಬಾಲ್ ತಂಡದ ಮೇಲೆ ಅವರಿಗಿದ್ದ ನಂಬಿಕೆ ಭಕ್ತರಿಗೆ ದೇವರ ಮೇಲೆ ಇರುವುದಕ್ಕಿಂತ ಒಂದು ತೂಕ ಹೆಚ್ಚು. ದೇವರು ಒಮ್ಮೊಮ್ಮೆಯಾದರೂ ಬೇಡಿದ್ದನ್ನು ಕೊಡುತ್ತಾನೆ. ಆ ತಂಡ ಎಂದೂ ಕೊಟ್ಟದ್ದಿಲ್ಲ. ಸಂಬಳ ತೆಗೆದುಕೊಂಡು ಆಡುವವರ ಹತ್ತು ತಂಡಗಳ ಲೀಗಿನಲ್ಲಿ ನೀಲಿ ಬನಿಯನ್ನಿನ ಈ ಹುಡುಗರು ಒಂಬತ್ತನೆಯವರಾದರೆ ಊರಿಗೆ ಅದೇ ದೊಡ್ಡ ಮಾತು. ಆದರೂ ಪ್ರತಿವರ್ಷ ಆಟ ಶುರುವಾಗುವ ಮೊದಲು ಮಾವ ಹೇಳುತ್ತಿದ್ದದ್ದು ಒಂದೇ: “ಈ ಸಲ ಕಪ್ಪು ನಮ್ಮದೇ.”

ಕನ್ನಡಕ ಹೇಳುತ್ತಿದ್ದದ್ದೂ ಒಂದೇ: “ಈ ಸಲವೂ ಕೊನೇ ಸ್ಥಾನ.”

ಎಣ್ಣೆ ಸೀಗೆಕಾಯಿಯಂಥ ಈ ಇಬ್ಬರೂ ಕ್ರೀಡಾಂಗಣದಲ್ಲಿ ಅಕ್ಕಪಕ್ಕದವರು. ಛಾವಣಿ ಹೊತ್ತು ನಿಂತ ಒಂದು ದಪ್ಪ ಕಂಬದ ಹಿಂದೆ ಅವರ ಸೀಟುಗಳು. ಕನ್ನಡಕ ಕೂರುತ್ತಿದ್ದ ಕಡೆಯಿಂದ ಎಡಗಡೆಯ ಬುಟ್ಟಿ ಚೆನ್ನಾಗಿ ಕಾಣುತ್ತಿತ್ತು. ಬಲಗಡೆಯದು ಕಂಬದ ಪಾಲು. ಅವನ ಬಲಕ್ಕೆ ಕೂತ ಮಾವ ಇನ್ನೂ ಬಲಕ್ಕೆ ಬಾಗಿ, ಆ ಕಡೆ ನಡೆದದ್ದನ್ನೆಲ್ಲ ಅವನ ಕಿವಿಗೆ ಸುರಿಯುತ್ತಿದ್ದರು.

“ಹಾರಿದ ನೋಡು! ಹದ್ದು ಕಣೋ, ಹದ್ದು! ಮೂರು ಜನರ ತಲೆ ಮೇಲಿಂದ ಹಾಕಿದ. ಚೆಂಡು ಬುಟ್ಟಿ ಬಳೆಗೂ ತಾಗಲಿಲ್ಲ!”

ಮರುದಿನದ ಪತ್ರಿಕೆಯಲ್ಲಿ ಆ ಅಂಕ ಯಾರೂ ಅಡ್ಡ ಬರದೆ ನಿಂತಲ್ಲಿಂದಲೇ ಎಸೆಯುವ ಫ್ರೀ ಥ್ರೋದಿಂದ ಬಂತು ಎಂದಿರುತ್ತಿತ್ತು. ಈ ಪತ್ರಿಕೆಯವರ ಕಣ್ಣಿನ ನಂಬರು ಒಮ್ಮೆ ನೋಡಬೇಕು ಎಂದುಕೊಂಡು ಕನ್ನಡಕ ಪುಟ ತಿರುವುತ್ತಿದ್ದ.

ಅವನ ದುಃಖ ನಿಜವಾದದ್ದು. ಮಾವನಿಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಆದರೆ ಮನುಷ್ಯನ ಮನಸ್ಸನ್ನು ಭಗವಂತ ಯಾವ ನೂಲಿನಿಂದ ನೇಯ್ದನೋ! ಹೆಗಲ ಭಾರ ಇಳಿಯುವ ಮೊದಲೇ ಒಂದು ಯೋಚನೆ, ಹಾಲಿನ ಪಾತ್ರೆಯ ಕಡೆ ಬರುವ ಬೆಕ್ಕಿನಂತೆ, ಸದ್ದಿಲ್ಲದೆ ಒಳಗೆ ಬಂತು. ಮಾವನ ಸೀಟು ಇನ್ನು ಯಾರಿಗೆ? ಅಲ್ಲಿ ಕೂತರೆ ಈ ಜನ್ಮದಲ್ಲಿ ಒಮ್ಮೆಯಾದರೂ ಆ ಇನ್ನೊಂದು ಬುಟ್ಟಿಯನ್ನು ಕಣ್ಣಾರೆ ನೋಡಬಹುದಲ್ಲ! ಛೇ ಎಂದು ಅವನು ಬೆಕ್ಕನ್ನು ಓಡಿಸಿದ. ಅದು ಹೊಸಿಲಾಚೆ ಹೋಗಿ ಕೂತುಕೊಂಡಿತು, ಅಷ್ಟೇ.

ಆ ಬೆಕ್ಕು ಬೇರೆಯವರ ಮನೆಗೂ ಹೋಗಿತ್ತು. ಡ್ರಿಲ್ ಮಾಸ್ಟರು ಮತ್ತು ಔಷಧಿ ಅಂಗಡಿಯವನು ಕೂರುತ್ತಿದ್ದದ್ದು ಛಾವಣಿಗೆ ತಾಗಿದ ಮೇಲಿನ ಸಾಲಿನಲ್ಲಿ. ಅಲ್ಲಿಂದ ಆಟಗಾರರು ಸಕ್ಕರೆಗೆ ಮುತ್ತಿದ ಇರುವೆಗಳಂತೆ ಕಾಣುತ್ತಿದ್ದರು. ಮಾವ ಆ ವರ್ಷದ ಟಿಕೆಟನ್ನು ಆಗಲೇ ತೆಗೆದಿಟ್ಟಿದ್ದರು. ಅದು ಯಾರ ಕೈ ಸೇರುತ್ತದೋ ಅವರಿಗೆ ಮುಂದೆಯೂ ಅದೇ ಜಾಗ. ಮಾವನ ಹೆಂಡತಿ ಬೀದಿಗೆಲ್ಲ ಅತ್ತೆ. ಕನ್ನಡಕನೂ ಸೇರಿ ಈ ಮೂವರೂ ಒಬ್ಬರ ಹಿಂದೊಬ್ಬರು ಬಂದು, ಕಣ್ಣೊರೆಸಿಕೊಂಡು, ಹೋಗುವ ಮುಂಚೆ “ಮಾವನ ಟಿಕೆಟ್ಟು…” ಎಂದು ಮಾತು ನುಂಗುವುದನ್ನು ನೋಡಿ ನೋಡಿ, ಅತ್ತೆ ಸಲೂನಿನವನಿಗೆ ಹೇಳಿಕಳಿಸಿದರು.

“ಭಾನುವಾರ ನಿಮ್ಮಂಗಡೀಲಿ ಎಲ್ಲರೂ ತಂಡದ ಭವಿಷ್ಯ ಹೇಳ್ತಾರಲ್ಲ, ಅದು ಮುಗಿದ ಮೇಲೆ ಎಲ್ಲರನ್ನೂ ಕರ್ಕೊಂಡು ಬಾ. ಯಾರು ಏನಂದ್ರು ಅಂತ ಕೇಳ್ತೀನಿ. ಅವರ ಜಾಗಕ್ಕೆ ತಕ್ಕೋರು ಯಾರೋ ಅವರಿಗೇ ಕೊಡ್ತೀನಿ.”

ಮಾವನ ಜಾಗಕ್ಕೆ ತಕ್ಕವರೆಂದರೆ ಮಾವನಂತೆ ನಂಬುವವರು ಎಂದು ಮೂವರೂ ಅರ್ಥ ಮಾಡಿಕೊಂಡರು.

ಭಾನುವಾರ ಬೆಳಗ್ಗೆ ಕನ್ನಡಕ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. “ಈ ಸಲ ಕಪ್ಪು ನಮ್ಮದೇ.” ಕನ್ನಡಿಯೊಳಗಿನ ಮುಖ ಒಪ್ಪಲಿಲ್ಲ. ಇನ್ನೊಮ್ಮೆ ಹೇಳಿದ. ಹೆಂಡತಿ ಬಂದು ಹಣೆ ಮುಟ್ಟಿ ನೋಡಿದಳು.

“ಜ್ವರ ಇಲ್ಲ. ಮತ್ತೆ ನಿಮ್ಮ ಬಾಯಲ್ಲಿ ಒಳ್ಳೇ ಮಾತು ಯಾಕೆ ಬರ್ತಿದೆ?”

“ಒಂದು ದಿನದ ಮಟ್ಟಿಗೆ ಕಣೇ.”

“ನಮ್ಮ ಮದುವೆ ದಿನವೂ ಮಳೆ ಬರುತ್ತೆ ಅಂದೋರು ನೀವು. ನಿಮ್ಮ ಕೈಲಿ ಆಗಲ್ಲ ಬಿಡಿ,” ಎಂದು ಅವಳು ಒಳಗೆ ಹೋದಳು.

ಸಲೂನಿನ ಕಟ್ಟಳೆ ಹಳೆಯದು. ಬೆಂಚಿನ ಮೇಲೆ ಕೂತು ಏನು ಬೇಕಾದರೂ ಹರಟಬಹುದು, ಅದಕ್ಕೆ ಬೆಲೆಯಿಲ್ಲ. ಕುರ್ಚಿ ಹತ್ತಿ, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು, ಕತ್ತಿ ಗಲ್ಲದ ಹತ್ತಿರ ಇರುವಾಗ ಆಡಿದ್ದೇ ಭವಿಷ್ಯ. ಒಮ್ಮೆ ಆಡಿದರೆ ಆಯಿತು, ತಿದ್ದುವಂತಿಲ್ಲ. ಗಂಟಲ ಬಳಿ ಕತ್ತಿ ಇರುವಾಗ ಯಾರೂ ಸುಳ್ಳಾಡುವುದಿಲ್ಲ ಎಂದು ಸಲೂನಿನವನ ತಂದೆ ಮಾಡಿಟ್ಟ ನಿಯಮ ಅದು. ಆ ಮುಗ್ಧ ಜೀವ ಇಂದಿನ ದಿನವನ್ನು ನೋಡಲಿಲ್ಲ.

“ನಮ್ಮ ತಂಡಕ್ಕೆ ಹೊಸ ಸೆಂಟರ್ ಬಂದಿದಾನಲ್ಲ, ನೋಡಿದ್ರಾ?” ಔಷಧಿ ಅಂಗಡಿಯವನು ಬೆಂಚಿನಿಂದಲೇ ಶುರುಮಾಡಿದ. “ಬಗ್ಗದೆ ಯಾವ ಬಾಗಿಲಲ್ಲೂ ನುಗ್ಗಕ್ಕಾಗಲ್ಲ ಅವನಿಗೆ!”

“ಬಗ್ಗಿದ್ರೆ ಮತ್ತೆ ಏಳಕ್ಕೂ ಆಗಲ್ಲ,” ಎಂದ ಕನ್ನಡಕ ಅಭ್ಯಾಸಬಲದಿಂದ. “ಮಂಡಿ ನೋವಿನ ಮುಲಾಮು ನಿನ್ನ ಹತ್ರಾನೇ ತಗೊಂಡು ಹೋದ ಅಂತ ನೀನೇ ಹೇಳ್ಲಿಲ್ವಾ?” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

“ಅದು… ಅದು ಅವರಮ್ಮನಿಗೆ!”

“ಮಂಡಿ ಬಿಡ್ರಯ್ಯ,” ಎಂದರು ಡ್ರಿಲ್ ಮಾಸ್ಟರು. ಅವರು ಮಾತಾಡಿದರೆ ಸಾಲಾಗಿ ನಿಲ್ಲಬೇಕೆನಿಸುತ್ತಿತ್ತು. “ಚೆಂಡು ನಡೆಸೋ ನಮ್ಮ ಗಾರ್ಡ್‌ನ ನೋಡಿ. ಎಂಥ ಹುಡುಗ!”

“ಹೋದ ವರ್ಷ ಅವನನ್ನ ಜಿಪುಣ ಅಂದಿದ್ರಿ ಮಾಸ್ಟ್ರೇ,” ಎಂದ ಸಲೂನಿನವನು. “ಚೆಂಡು ಸಿಕ್ಕಿದ್ರೆ ಯಾರಿಗೂ ಪಾಸ್ ಕೊಡಲ್ಲ, ಪಿತ್ರಾರ್ಜಿತ ಆಸ್ತಿ ಅನ್ಕೊಂಡಿದಾನೆ ಅಂತ.”

“ಜಿಪುಣತನ ಅಲ್ಲಯ್ಯ ಅದು. ಜವಾಬ್ದಾರಿ! ಇನ್ನೊಬ್ಬರ ಮೇಲೆ ಭಾರ ಹಾಕಲ್ಲ ಅವನು.”

ಔಷಧಿ ಅಂಗಡಿಯವನು ಇನ್ನು ತಡೆಯಲಾರದೆ ಕುರ್ಚಿ ಹತ್ತಿದ. ಬಟ್ಟೆ ಕಟ್ಟಿದ್ದಾಯಿತು, ನೊರೆ ಹಚ್ಚಿದ್ದಾಯಿತು, ಕತ್ತಿ ಬಂತು. “ಕಪ್ಪು ನಮ್ಮದೇ!” ಎಂದು ಘೋಷಿಸಿದ. ಮಾತಿನ ಭರಕ್ಕೆ ಗಲ್ಲದ ಮೇಲೆ ಚಿಕ್ಕ ಗಾಯವೂ ಆಯಿತು.

ಮಾಸ್ಟರು ಹತ್ತಿದರು. “ಕಪ್ಪಂತೂ ಸರಿ. ಒಂದೇ ಒಂದು ಆಟವನ್ನೂ ಸೋಲದೆ!”

“ಅನ್ಯಾಯ!” ಎಂದು ಔಷಧಿ ಅಂಗಡಿಯವನು ಹತ್ತಿಯನ್ನು ಗಲ್ಲಕ್ಕೆ ಒತ್ತಿಕೊಂಡು ಎದ್ದ. “ನಾನೂ ಅದನ್ನೇ ಹೇಳೋನಿದ್ದೆ. ಇನ್ನೊಂದು ಸಲ ಕೂರ್ತೀನಿ.”

“ಏನನ್ನ ಹೆರೀಲಿ? ಚರ್ಮಾನಾ?” ಎಂದು ಸಲೂನಿನವನು ಅವನನ್ನು ಬೆಂಚಿಗೆ ನೂಕಿದ.

ಈಗ ಕನ್ನಡಕನ ಸರದಿ. ಕುರ್ಚಿಗೆ ಬರುವಷ್ಟರಲ್ಲಿ ಅವನ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ಕಪ್ಪು ಖರ್ಚಾಗಿತ್ತು. ಸೋಲದ ಕಪ್ಪೂ ಖರ್ಚಾಗಿತ್ತು. ಅದಕ್ಕಿಂತ ಮೇಲೇರಲು ಉಳಿದದ್ದು ಎದುರು ತಂಡಗಳು ಹೆದರಿ ಊರನ್ನೇ ಬಿಟ್ಟು ಓಡುತ್ತವೆ ಎಂಬ ಮಾತು. ಅದನ್ನೇ ಹೇಳೋಣವೆಂದು ಬಾಯಿ ತೆರೆದ. ಎದುರಿನ ಕನ್ನಡಿಯಲ್ಲಿ ಬೆಂಚು ಕಂಡಿತು. ಅದರ ತುದಿಯ ಜಾಗ, ಮಾವ ಗೋಡೆಗೆ ಒರಗಿ ಕೂರುತ್ತಿದ್ದ ಜಾಗ, ಖಾಲಿ ಇತ್ತು. ಯಾರೂ ಅಲ್ಲಿ ಕೂತಿರಲಿಲ್ಲ.

“ಹೇಳಯ್ಯ, ನೊರೆ ಒಣಗ್ತಾ ಇದೆ.”

“ಈ ಸಲವೂ,” ಎಂದ ಕನ್ನಡಕ. ಅವನ ನಾಲಿಗೆ ತನ್ನಷ್ಟಕ್ಕೆ ಹಳೆಯ ದಾರಿ ಹಿಡಿಯಿತು. “ಈ ಸಲವೂ ಕೊನೇ ಸ್ಥಾನ.”

ಪ್ರತಿವರ್ಷ ಈ ಮಾತಿಗೆ ಮಾವ ಎದ್ದು ಬಂದು, “ನಿನ್ನ ಬಾಯಿಗೆ ಬೆಂಕಿ ಹಾಕ,” ಎಂದು ಹೆಗಲ ಮೇಲೆ ಒಂದು ಕೊಡುತ್ತಿದ್ದರು. ಅವನ ಹೆಗಲು ಆ ಏಟಿಗಾಗಿ ತುಸು ಕಾಯಿತು. ಏಟು ಬರಲಿಲ್ಲ. ಬೆಂಚಿನ ಮೇಲಿನ ಇಬ್ಬರು ಮಾತ್ರ ಸಂತೋಷದಿಂದ ಒಬ್ಬರನ್ನೊಬ್ಬರು ನೋಡಿಕೊಂಡರು.

ಮಧ್ಯಾಹ್ನ ಎಲ್ಲರೂ ಅತ್ತೆಯ ಮನೆಯ ಚಾಪೆಯ ಮೇಲೆ ಕೂತರು. ಸಲೂನಿನವನು ಮೂವರ ಮಾತನ್ನೂ ಒಪ್ಪಿಸಿದ. ಅತ್ತೆ ಕಿಟಕಿಯ ಕಡೆ ನೋಡುತ್ತಾ ಕೇಳಿದರು.

“ಒಂದೂ ಸೋಲದೆ ಕಪ್ಪಾ ಮಾಸ್ಟ್ರೇ?”

“ನನ್ನ ನಂಬಿಕೆ ಅಮ್ಮಾ,” ಎಂದು ಮಾಸ್ಟರು ಎದೆಯ ಮೇಲೆ ಕೈಯಿಟ್ಟರು.

“ಒಳ್ಳೇದು. ನಮ್ಮನೆಯವರು ಅಂಗಡೀಲಿ ಕಪ್ಪು ಅಂದು ಬರ್ತಿದ್ರು. ಮನೆಗೆ ಬಂದು ಚಪ್ಪಲಿ ಬಿಡ್ತಾ ಏನಂತಿದ್ರು ಗೊತ್ತಾ? ‘ಈ ಸಲವೂ ಕೊನೇನೇ ಕಣೇ. ಪಾಪ ಹುಡುಗರು.’ ಮತ್ತೆ ಯಾಕೆ ಸುಳ್ಳು ಹೇಳ್ತೀರಿ ಅಂತ ಕೇಳ್ದೆ ಒಂದ್ಸಲ. ‘ಒಬ್ಬನಾದ್ರೂ ಹಾಗನ್ನದಿದ್ರೆ ಇವರೆಲ್ಲ ಮನೇಲೇ ಕೂತುಬಿಡ್ತಾರೆ’ ಅಂದ್ರು.”

ಮಾಸ್ಟರು ಎದೆಯ ಮೇಲಿನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

“ಅವರಿಗೆ ಇವನ ಮಾತು ಇಷ್ಟ. ಬೈಕೊಂಡೇ ಇಷ್ಟಪಡ್ತಿದ್ರು,” ಎಂದು ಅತ್ತೆ ಟಿಕೆಟನ್ನು ಕನ್ನಡಕನ ಕೈಯಲ್ಲಿಟ್ಟರು. “ನೀನೇ ಕೂತ್ಕೋಪ್ಪ.”

ಕನ್ನಡಕನಿಗೆ ಅಳು, ನಗು, ನಾಚಿಕೆ ಮೂರೂ ಒಂದೇ ಬಾಗಿಲಲ್ಲಿ ನುಗ್ಗಿ ಸಿಕ್ಕಿಕೊಂಡವು. ಆ ಭರದಲ್ಲಿ ಅವನಿಗೆ ದಾನಬುದ್ಧಿ ಹುಟ್ಟಿತು. ಮುಖ ಇಳಿಬಿಟ್ಟು ಕೂತಿದ್ದ ಮಾಸ್ಟರ ಕಡೆ ತಿರುಗಿ, “ನನ್ನ ಹಳೇ ಸೀಟು ನೀವು ತಗೊಳ್ಳಿ ಮಾಸ್ಟ್ರೇ. ಎಡಗಡೆ ಚೆನ್ನಾಗಿ ಕಾಣುತ್ತೆ. ಬಲಗಡೇದು ನಾನು ಹೇಳ್ತೀನಿ, ಮಾವ ನನಗೆ ಹೇಳ್ತಿದ್ದ ಹಾಗೆ,” ಎಂದುಬಿಟ್ಟ.

“ಮಾತು ಮಾತೇ ತಾನೆ?” ಎಂದರು ಮಾಸ್ಟರು.

“ಅತ್ತೆ ಎದುರಿಗೆ ಹೇಳಿದೀನಿ.”

ಸಂಜೆ ಲೀಗಿಗೆ ಮುಂಚಿನ ಅಭ್ಯಾಸ ಪಂದ್ಯ. ಕನ್ನಡಕ ಎಲ್ಲರಿಗಿಂತ ಮೊದಲೇ ಹೋದ. ಹೊಸ ಮನೆಗೆ ಕಾಲಿಡುವವನಂತೆ ಬಲಗಾಲನ್ನು ಮುಂದಿಟ್ಟು ಮಾವನ ಸೀಟಿನ ಬಳಿ ಬಂದ. ಅಷ್ಟು ವರ್ಷದಲ್ಲಿ ಅದರ ಮೇಲೆ ಅವನು ಒಮ್ಮೆಯೂ ಕೂತಿರಲಿಲ್ಲ. ಮಾವ ಟೀ ಕುಡಿಯಲು ಎದ್ದರೂ ಅದರ ಮೇಲೆ ಛತ್ರಿ ಅಡ್ಡ ಇಟ್ಟು ಹೋಗುತ್ತಿದ್ದರು. ಎಷ್ಟು ಜೋಪಾನದ ಜಾಗವೋ ಎಂದುಕೊಂಡು ಅವನು ಕಣ್ಣು ಮುಚ್ಚಿ ಕೂತು, ಮನಸ್ಸಿನಲ್ಲೇ ಕೈಮುಗಿದು, ಕಣ್ಣು ತೆರೆದ.

ಕಂಬ ಕಂಡಿತು.

ಮೂಗಿನ ನೇರಕ್ಕೆ, ಮಾವಿನ ಮರದಷ್ಟು ದಪ್ಪಕ್ಕೆ. ಎಡಕ್ಕೆ ಬಾಗಿದ. ಮೈದಾನದ ನಡುವಿನ ವೃತ್ತವೂ ತರಬೇತುದಾರನ ಬೋಳುತಲೆಯೂ ಕಂಡವು. ಬಲಕ್ಕೆ ಬಾಗಿದ. ಕಂಬದಿಂದ ತೂಗುಬಿಟ್ಟ ಬೀರುವಿನಂಥ ಧ್ವನಿವರ್ಧಕದ ಪೆಟ್ಟಿಗೆ ಎದುರಾಯಿತು. ಇನ್ನೂ ಬಾಗಿದ. ಇನ್ನೂ ಪೆಟ್ಟಿಗೆಯೇ. ಎರಡು ಬುಟ್ಟಿಗಳಲ್ಲಿ ಒಂದೂ ಕಾಣಲಿಲ್ಲ. ಮೇಲೆ ಅಂಕದ ಫಲಕ ಮಾತ್ರ ಸ್ಪಷ್ಟವಾಗಿತ್ತು.

ಅವನು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಕಂಬ ಇನ್ನೂ ಸ್ವಚ್ಛವಾಗಿ ಕಂಡಿತು.

ಹಾಗಾದರೆ ಆ ಹದ್ದುಗಳು? ಮೂರು ತಲೆಗಳ ಮೇಲಿಂದ ಹಾಕಿದ ಚೆಂಡುಗಳು? ಬೆನ್ನ ಹಿಂದಿನಿಂದ ಕೊಟ್ಟ ಪಾಸುಗಳು? ಮಾವ ಜನರ ಕೂಗು ಕೇಳಿ, ಫಲಕದ ಅಂಕ ನೋಡಿ, ಪಕ್ಕದವನಿಗಾಗಿ ಇಡೀ ಆಟವನ್ನು ಕೂತಲ್ಲೇ ಕಟ್ಟಿಕೊಟ್ಟಿದ್ದರು. ತಮಗೆ ಎಡಗಡೆಯೂ ಕಾಣುತ್ತಿರಲಿಲ್ಲ. ಅದನ್ನು ಒಮ್ಮೆಯೂ ಬಾಯಿಬಿಡಲಿಲ್ಲ. “ಎಡಗಡೆ ಏನಾಯ್ತೋ?” ಎಂದು ಅವರು ಆಗಾಗ ಕೇಳಿದಾಗ, ವಯಸ್ಸಾಯಿತು, ಮರೆಯುತ್ತಾರೆ ಎಂದು ಇವನು ನಕ್ಕಿದ್ದ.

ಡ್ರಿಲ್ ಮಾಸ್ಟರು ಬಂದು ಹಳೆಯ ಸೀಟಿನಲ್ಲಿ ನೆಟ್ಟಗೆ ಕೂತರು. “ಆಹಾ! ಎಡಗಡೆ ಅಂಗೈ ನೆಲ್ಲಿಕಾಯಿ ಹಾಗಿದೆ ಕಣಯ್ಯ!”

“ಮಾಸ್ಟ್ರೇ, ಒಂದು ಮಾತು. ಸೀಟು ಬದಲಾಯಿಸ್ಕೊಳ್ಳೋಣವಾ?”

“ನನಗೇನು ಹುಚ್ಚಾ? ಇನ್ನೊಬ್ಬರ ಕೈಯಿಂದ ಮಾವನ ಸೀಟು ಕಿತ್ಕೊಂಡೋನು ಅನ್ನಿಸ್ಕೊಳ್ಳಲಾ? ನಿನಗೆ ಕೊಟ್ಟಿದ್ದು, ನೀನೇ ಕೂರಬೇಕು. ಅತ್ತೆ ಏನಂದ್ಕೋತಾರೆ?”

ಕನ್ನಡಕ ನಿಜ ಹೇಳಲು ಬಾಯಿ ತೆರೆದ. ನಿಜ ಹೇಳಿದರೆ ಅದು ಸೀಟಿನ ಮಾತಾಗಿ ಉಳಿಯುವುದಿಲ್ಲ. ನಾಳೆ ಬೆಳಗ್ಗೆ ಸಲೂನಿನ ಬೆಂಚಿನ ಮೇಲೆ ಮಾವನ ಹದ್ದುಗಳನ್ನೆಲ್ಲ ಒಂದೊಂದಾಗಿ ಹೊಡೆದು ಉರುಳಿಸುತ್ತಾರೆ. ಅವನು ಬಾಯಿ ಮುಚ್ಚಿದ.

ಸೀಟಿ ಮೊಳಗಿತು. ಬೂಟುಗಳ ಕಿರ್‌ಕಿರ್ ಸದ್ದು ಬಲಕ್ಕೆ ಓಡಿತು. ಆ ಕಡೆಯ ಜನ ಹೋ ಎಂದರು. ಫಲಕದಲ್ಲಿ ನೀಲಿಯವರಿಗೆ ಎರಡು ಅಂಕ ಏರಿತು. ಮಾಸ್ಟರ ಮೊಣಕೈ ಅವನ ಪಕ್ಕೆಗೆ ಬಂತು.

“ಏನಾಯ್ತು? ಯಾರು ಹಾಕಿದ್ದು? ಹೇಳಯ್ಯ, ಮಾತು ಕೊಟ್ಟಿದೀಯ!”

ಕನ್ನಡಕ ಬಲಕ್ಕೆ ಬಾಗಿದ. ಮಾವ ಬಾಗುತ್ತಿದ್ದಷ್ಟೇ ಬಾಗಿದ. ಧೂಳು ಹಿಡಿದ ಪೆಟ್ಟಿಗೆಯನ್ನು ಕಣ್ಣು ಕಿರಿದು ಮಾಡಿ ನೋಡಿದ.

“ಹಾರಿದ ಮಾಸ್ಟ್ರೇ,” ಎಂದ. “ಆ ಹೊಸ ಸೆಂಟರ್! ಕೊಕ್ಕರೆ ಹಾಗೆ ಕತ್ತು ಚಾಚಿ, ಒಂದೇ ಕೈಯಲ್ಲಿ!”

“ಮಂಡಿ ನೋವಿನವನಾ?”

“ಅವನೇ!”

“ಭಲೇ! ನಾನು ಹೇಳ್ಲಿಲ್ವಾ? ಒಂದೂ ಸೋಲಲ್ಲ!” ಎಂದು ಮಾಸ್ಟರು ಚಪ್ಪಾಳೆ ತಟ್ಟಿದರು. “ನಿನ್ನ ಕಣ್ಣು ಭಾರಿ ಚುರುಕಯ್ಯ. ಹೂಂ, ಮುಂದೆ?”

ಆ ಸಂಜೆ ನೀಲಿಯವರು ಹೀನಾಯವಾಗಿ ಸೋತರು. ಆದರೂ ಅವರ ಇಡೀ ಚರಿತ್ರೆಯಲ್ಲಿ ಅಷ್ಟು ಸುಂದರವಾಗಿ ಯಾರೂ ಸೋತಿರಲಿಲ್ಲ ಎಂದು ಮಾಸ್ಟರು ದಾರಿಯುದ್ದಕ್ಕೂ ಹೇಳಿಕೊಂಡು ಹೋದರು.

ಜನ ಕರಗಿದ ಮೇಲೂ ಕನ್ನಡಕ ಸ್ವಲ್ಪ ಹೊತ್ತು ಕೂತಿದ್ದ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಆದ್ದರಿಂದ ಮನಸ್ಸಿನಲ್ಲೇ ಬೇಡಿಕೊಂಡ: ‘ಭಗವಂತಾ, ಆ ಜೀವಕ್ಕೆ ಶಾಂತಿ ಕೊಡು. ನಿನ್ನ ಸನ್ನಿಧಿಯಲ್ಲಿ ಅವರನ್ನು ಎರಡು ಬುಟ್ಟಿಯೂ ಕಾಣುವ ಕಡೆ ಕೂರಿಸು. ಅಲ್ಲಿಯೂ ಕಂಬವಿದ್ದರೆ, ದಯಮಾಡಿ ಪಕ್ಕದಲ್ಲಿ ನೀನೇ ಕೂತು, ಆಗಿದ್ದನ್ನು ಆದಹಾಗೆ ಹೇಳು.’