ಹದಿನೇಳನೆಯ ಅಂಕಣ

ರಾತ್ರಿ ಹನ್ನೆರಡಕ್ಕೆ ದಿಂಬಿನಡಿಯ ಫೋನ್ 'ಟಿಣ್' ಎಂದಿತು. ಪುಟ್ಟಿ ಎದ್ದು ಕೂತಳು. ಐವತ್ತೆರಡು ತುಂಬಿದರೂ ಮನೆಯವರಿಗೆಲ್ಲ ಅವಳು ಪುಟ್ಟಿಯೇ. ವೀಸಾ ಕಚೇರಿಗೆ ಮಾತ್ರ ಒಂಬತ್ತು ಅಂಕಿಯ ಒಂದು ಸಂಖ್ಯೆ. ನಾಲ್ಕು ತಿಂಗಳಲ್ಲಿ ಕಚೇರಿ ಐದು ಸಲ ನಿಯಮ ಬದಲಿಸಿತ್ತು. ಫೋಟೋದ ಹಿಂದೆ ಬಿಳಿ ಬಣ್ಣ ಇರಬೇಕೆಂದಿತು. ತೆಗೆಸಿದ ಮೇಲೆ ಬೂದು ಎಂದಿತು. ಕಿವಿ ಕಾಣಬೇಕೆಂದಿತು, ಕಾಣಿಸಿದರೆ, ಓಲೆ ಕಾಣಬಾರದೆಂದಿತು.

ಇದು ಆರನೆಯದು. 'ಹದಿನೇಳನೆಯ ಅಂಕಣದಲ್ಲಿ ಸಂಬಂಧಿಕರ ಭೇಟಿ ಎಂದಷ್ಟೇ ಬರೆದರೆ ಸಾಲದು. ನಿಖರವಾದ ಕಾರಣವನ್ನು ಇಂದು ಸಂಜೆ ಐದರೊಳಗೆ ಖುದ್ದಾಗಿ ಬಂದು ಬರೆಯದಿದ್ದರೆ ಅರ್ಜಿ ರದ್ದು.'

"ಇವರ ಮನೆ ಹಾಳಾಗ!" ಎಂದಳು ಪುಟ್ಟಿ, ಕತ್ತಲೆಗೆ.

ಕಾರಣವೇನೋ ನಿಖರವಾಗಿಯೇ ಇತ್ತು. ಬರೆಯುವಂಥದ್ದಾಗಿರಲಿಲ್ಲ, ಅಷ್ಟೆ. ಪರದೇಶದಲ್ಲಿರುವ ಅಕ್ಕನಿಗೆ ಇನ್ನು ಹತ್ತು ದಿನಕ್ಕೆ ಹೃದಯದ ಆಪರೇಷನ್. ಅರಿವಳಿಕೆ ಕೊಡುವ ಮೊದಲು ಕಟ್ಟಿಸಿದ ಹಲ್ಲು ತೆಗೆಸಿ, ಹೊರಗೆ ಕೂತ ಮನೆಯವರ ಕೈಗೆ ಕೊಡುತ್ತಾರೆ. ಅಕ್ಕನದು ಪೂರ್ತಿ ಕಟ್ಟಿಸಿದ ಹಲ್ಲು. ಹನ್ನೊಂದು ವರ್ಷದ ಹಿಂದೆ ಅವಳು ತೌರಿಗೆ ಬಂದಿದ್ದಾಗ, ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವ ಪುಟ್ಟಿಯೇ ಮಾಡಿಕೊಟ್ಟದ್ದು. ಭಾವನಿಗೆ ಇಂದಿಗೂ ಗೊತ್ತಿಲ್ಲ.

"ನೀನು ಹೊರಗೆ ಕೂತಿದ್ರೆ ಮಾತ್ರ ನಾನು ಒಳಗೆ ಹೋಗೋದು. ಇಲ್ದಿದ್ರೆ ಆಪರೇಷನ್ನೂ ಬೇಡ, ಏನೂ ಬೇಡ," ಎಂದು ಅಕ್ಕ ಹಟ ಹಿಡಿದಿದ್ದಳು.

ಬೆಳಿಗ್ಗೆ ಕೆಳಗಿನ ಮನೆಯ ನಿವೃತ್ತ ಹೆಡ್ ಕ್ಲಾರ್ಕ್ ಮೆಟ್ಟಿಲಲ್ಲೇ ತಡೆದರು. "ಮತ್ತೆ ರೂಲ್ಸ್ ಬದಲಾಯ್ತಲ್ವಾ? ಮುಖ ನೋಡಿದ್ರೇ ಗೊತ್ತಾಗುತ್ತೆ. 'ಆರೈಕೆಗಾಗಿ' ಅಂತ ಬರೀರಮ್ಮ. ಮೂವತ್ತಾರು ವರ್ಷ ಫೈಲು ನೋಡಿದೋನು ನಾನು."

ವೀಸಾ ಕಚೇರಿಯಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಂತು ಹಾಗೆಯೇ ಬರೆದುಕೊಟ್ಟಳು. ಗಾಜಿನ ಹಿಂದಿನ ಹುಡುಗಿ ತಲೆಯೆತ್ತಲಿಲ್ಲ. "ಆರೈಕೆ ಅಂದ್ರೆ ಕೆಲಸ. ನರ್ಸಿಂಗ್ ಸರ್ಟಿಫಿಕೇಟ್ ಇದೆಯಾ?"

"ಒಡಹುಟ್ಟಿದವಳಿಗೆ ಒಂದು ಲೋಟ ನೀರು ಕೊಡೋಕೆ ಸರ್ಟಿಫಿಕೇಟಾ?"

"ಮುಂದಿನವರು ಬನ್ನಿ."

ಲ್ಯಾಬಿನಲ್ಲಿ ಅಚ್ಚಿಗೆ ಪ್ಲಾಸ್ಟರ್ ಕಲಸುತ್ತಿದ್ದ ಗೆಳತಿ ಹಣೆ ಚಚ್ಚಿಕೊಂಡಳು. "ಆ ಕ್ಲಾರ್ಕ್ ಮಾತು ಯಾಕೆ ಕೇಳಿದ್ರಿ? 'ಧೈರ್ಯ ಹೇಳಲು' ಅಂತ ಬರೀರಿ. ಓದಿದವರ ಕಣ್ಣಲ್ಲಿ ನೀರು ಬರ್ಬೇಕು."

ಮತ್ತೆ ಸಾಲು. ಹುಡುಗಿಯ ಕಣ್ಣಲ್ಲಿ ನೀರು ಬರಲಿಲ್ಲ. "ಧೈರ್ಯ ಹೇಳೋದು ಕೌನ್ಸೆಲಿಂಗ್ ಆಗುತ್ತೆ. ಲೈಸೆನ್ಸ್ ಕೊಡಿ."

ಐದಕ್ಕೆ ಎಂಟು ನಿಮಿಷವಿತ್ತು. ಪುಟ್ಟಿಯ ಸಿಟ್ಟು ಒಲೆಯ ಮೇಲೆ ಮರೆತ ಮೇಣದಂತೆ ಉಕ್ಕಿತು. ಅಲ್ಲ, ಇವರಿಗೆ ಸತ್ಯವೇ ಬೇಕೇ? ತಗೊಳ್ಳಲಿ! ಕಡತದಲ್ಲಿ ಸತ್ತು ಬೀಳುವ ಕಾಗದ, ಭಾವನಿಗೆ ಹೇಗೆ ತಿಳಿಯಬೇಕು? ಪೆನ್ನಿನ ಮುಳ್ಳು ಬಾಗುವಂತೆ ಒತ್ತಿ ಬರೆದಳು: 'ಆಪರೇಷನ್ ಮುಗಿಯುವವರೆಗೆ ಅಕ್ಕನ ಹಲ್ಲಿನ ಸೆಟ್ಟನ್ನು, ಭಾವನಿಗೆ ತಿಳಿಯದಂತೆ, ಹಿಡಿದುಕೊಂಡಿರಲು.'

ಹುಡುಗಿ ಮೊದಲ ಸಲ ತಲೆಯೆತ್ತಿದಳು. "ಇದು ನಿಖರವಾಗಿದೆ," ಎಂದು ಠಪ್ಪನೆ ಮುದ್ರೆ ಒತ್ತಿದಳು. "ನಾಡಿದ್ದು ವೀಸಾ ಬರುತ್ತೆ. ಇದರ ಒಂದು ಪ್ರತಿ ನಿಮ್ಮನ್ನು ಕರೆಸಿಕೊಳ್ತಿರೋರಿಗೆ ಈಗಲೇ ಹೋಗುತ್ತೆ."

ಆಹ್ವಾನ ಪತ್ರಕ್ಕೆ ಸಹಿ ಹಾಕಿದ್ದವನು ಭಾವ. ಪುಟ್ಟಿ ಕಾಗದ ಹಿಂದಕ್ಕೆ ಎಳೆಯಲು ಕೈಚಾಚಿದಳು. "ಇದ್ಯಾವಾಗಿನ ರೂಲ್ಸು?"

"ಮಧ್ಯಾಹ್ನ ಮೂರರದು."

ಮನೆ ಸೇರಿ ಬಾಗಿಲು ಹಾಕುವಷ್ಟರಲ್ಲಿ ಭಾವನ ಫೋನ್. ಪಿಸುದನಿ.

"ಪುಟ್ಟೀ, ಕಾಗದ ಓದಿದೆ."

"ಭಾವಾ, ಅಕ್ಕನ ಮೇಲೆ ಕೋಪ ಮಾಡ್ಕೋಬೇಡಿ..."

"ಕೋಪ ಎಲ್ಲಿಂದ ಬಂತು! ನಂದೂ ಕಟ್ಟಿಸಿದ್ದೇ ಕಣಮ್ಮ. ಅವಳು ಮಲಗಿದ ಮೇಲೆ ತೆಗೆಯೋಣ ಅಂತ ಒಂಬತ್ತು ವರ್ಷದಿಂದ ಕಾಯ್ತಿದೀನಿ, ಅವಳು ಮಲಗೋದೇ ಇಲ್ಲ. ಯಾಕೆ ಅಂತ ಇವತ್ತು ಗೊತ್ತಾಯ್ತು. ಅವಳಿಗೆ ಹೇಳ್ಬೇಡ. ನಂದು ಕೆಳಗಿನ ಸೆಟ್ ಬಿರುಕು ಬಿಟ್ಟಿದೆ. ಅಳತೆಯ ಅಚ್ಚು ನಾಳೆನೇ ಕಳಿಸ್ತೀನಿ, ಹೊಸದು ಮಾಡ್ಕೊಂಡು ಬಂದ್ಬಿಡು."

ಪುಟ್ಟಿ ಅಳಲೋ ನಗಲೋ ತಿಳಿಯದೆ ಮಂಚದ ಮೇಲೆ ಕುಸಿದಳು. ಅಷ್ಟರಲ್ಲಿ 'ಟಿಣ್'.

'ಒಂದು ವೀಸಾಕ್ಕೆ ಒಂದೇ ಕಾರಣ. ಎರಡನೆಯ ಕಾರಣವಿದ್ದವರು ಹೊಸದಾಗಿ ಅರ್ಜಿ ಸಲ್ಲಿಸತಕ್ಕದ್ದು. ಕಾಯುವ ಅವಧಿ ನಾಲ್ಕು ತಿಂಗಳು.'

ಬಾಗಿಲ ಹೊರಗಿನಿಂದ ಹೆಡ್ ಕ್ಲಾರ್ಕರ ದನಿ ಕೇಳಿತು. "ಏನಾಯ್ತಮ್ಮಾ? ಕೊನೆಗೆ ಏನಂತ ಬರೆದ್ರಿ?"

ದಿನವಿಡೀ ಸತ್ಯ ಬರೆ, ಸತ್ಯ ಬರೆ ಎಂದು ಅಟ್ಟಾಡಿಸಿದವರು ಬರೆದ ಒಂದೇ ಗಂಟೆಯಲ್ಲಿ ಅವಳನ್ನು ಸುಳ್ಳುಗಾತಿ ಮಾಡಿದ್ದರು. ಪುಟ್ಟಿ ಫೋನನ್ನು ದಿಂಬಿನಡಿ ತುರುಕಿ, ಅದರ ಮೇಲೆ ಕೂತಳು. ಅಕ್ಕನಿಗಿಲ್ಲ, ಲ್ಯಾಬಿನವರಿಗಿಲ್ಲ, ಹೆಡ್ ಕ್ಲಾರ್ಕರಿಗಿಲ್ಲ, ಹದಿನೇಳನೆಯ ಅಂಕಣಕ್ಕಂತೂ ಇಲ್ಲವೇ ಇಲ್ಲ. ಭಾವನ ಸೆಟ್ಟಿನ ಸಂಗತಿಯನ್ನು ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿ, ಉಸಿರು ಬಿಗಿಹಿಡಿದು, ಮನೆಯಲ್ಲಿ ಯಾರೂ ಇಲ್ಲವೆನ್ನುವ ಹಾಗೆ ಸುಮ್ಮನಿದ್ದಳು.