ಗುಮ್ಮಟದ ಮುಂದೆ ಮಜ್ಜಿಗೆ ಮೆಣಸಿನಕಾಯಿ

ಪ್ರತಿ ಕುಟುಂಬದಲ್ಲೂ ಕಾಯುವವನೊಬ್ಬ ಇರುತ್ತಾನೆ. ಎಲ್ಲರೂ ದೇವಸ್ಥಾನದ ಒಳಗೆ ಹೋದಾಗ ಹೊರಗೆ ಚಪ್ಪಲಿ ಕಾಯುವವನು, ಎಲ್ಲರೂ ಬೆಟ್ಟ ಹತ್ತಿದಾಗ ಕೆಳಗೆ ಬ್ಯಾಗು ಕಾಯುವವನು, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಎಲ್ಲರೂ ಎದ್ದಾಗ ಹೆಂಗಸರ ವ್ಯಾನಿಟಿ ಬ್ಯಾಗುಗಳನ್ನು ತೊಡೆಯ ಮೇಲೆ ಪೇರಿಸಿಕೊಂಡು ಕೂರುವವನು. ನಮ್ಮ ಮನೆಯಲ್ಲಿ ಈ ಹುದ್ದೆ ಮದುವೆಯಾದಾಗಿನಿಂದ, ಅಂದರೆ ಮೂವತ್ತಮೂರು ವರ್ಷಗಳಿಂದ ನನ್ನದೇ. ಹೆಬ್ಬಾಳದ ಕಚೇರಿಯೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ ಕೆಲಸದಿಂದ ನಿವೃತ್ತನಾಗಿ ಮೂರು ವರ್ಷವಾಯಿತು. ಈ ಕೆಲಸದಿಂದ ಮಾತ್ರ ಬಿಡುಗಡೆಯಿಲ್ಲ. “ನೀವು ಇಲ್ಲೇ ಕೂತಿರಿ, ಒಂಚೂರು ನೋಡ್ಕೊಳ್ಳಿ, ಈಗ ಬಂದ್ಬಿಡ್ತೀವಿ” ಅನ್ನುತ್ತಾಳೆ ನನ್ನ ಹೆಂಡತಿ ವಿಶಾಲು. ಆ ‘ಈಗ’ ಕೆಲವೊಮ್ಮೆ ಎರಡು ಗಂಟೆ, ಕೆಲವೊಮ್ಮೆ ನಾಲ್ಕು ಗಂಟೆ.

ಹೀಗಾಗಿ ನಾಡಿನ ಐತಿಹಾಸಿಕ ಸ್ಥಳಗಳ ಹೊರಭಾಗದ ಬಗ್ಗೆ ನನ್ನಷ್ಟು ತಿಳಿದವರು ಕಡಿಮೆ. ಶ್ರವಣಬೆಳಗೊಳದಲ್ಲಿ ಬೆಟ್ಟದ ಬುಡದ ಯಾವ ಅಂಗಡಿಯಲ್ಲಿ ಕಾಫಿಗೆ ಚಿಕೋರಿ ಜಾಸ್ತಿ ಎಂದು ಹೇಳಬಲ್ಲೆ. ಚಿತ್ರದುರ್ಗದ ಕೋಟೆಯ ಹೊರಗೆ ಸೌತೆಕಾಯಿ ಮಾರುವ ಅಜ್ಜಿಗೆ ನನ್ನ ಮಗಳ ಮದುವೆಯ ವಿಷಯವೆಲ್ಲ ಗೊತ್ತು. ಮಧುಗಿರಿಯ ಏಕಶಿಲೆ ಬೆಟ್ಟವನ್ನು ನಾನು ನೋಡಿರುವುದು ಕೆಳಗಿನಿಂದ, ಅದೂ ಬಾಗಿಲು ತೆರೆದ ಕಾರಿನೊಳಗೆ ಕಾಲು ಹೊರಗೆ ಚಾಚಿಕೊಂಡು. ಮೇಲೆ ಏನಿದೆ ಎಂಬುದು ನನಗೆ ಫೋಟೋಗಳಿಂದ ಪರಿಚಯ. ನಾನು ಇದನ್ನೆಲ್ಲ ತಣ್ಣಗೆ ಸಹಿಸಿಕೊಂಡು ಬಂದೆ ಎಂದು ಮಾತ್ರ ತಿಳಿಯಬೇಡಿ. ಗೊಣಗುವುದರಲ್ಲಿ ನಮ್ಮ ಬೀದಿಯಲ್ಲೇ ನನಗೆ ಒಳ್ಳೆಯ ಹೆಸರಿದೆ.

ಆದ್ದರಿಂದ ಈ ಬೇಸಿಗೆ ರಜೆಗೆ ಅಳಿಯ “ಮಾವ, ಒಂದು ಕ್ಯಾರವಾನ್ ಬಾಡಿಗೆಗೆ ತಗೊಂಡು ವಿಜಯಪುರಕ್ಕೆ ಹೋಗಿಬರೋಣ. ನಾನೇ ಓಡಿಸ್ತೀನಿ” ಎಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕ್ಯಾರವಾನ್ ಎಂದರೆ ಮಂಚ, ಒಲೆ, ಸಿಂಕು, ಫ್ರಿಜ್ಜು, ಕಕ್ಕಸು ಎಲ್ಲವೂ ಒಳಗೇ ಇರುವ ಗಾಡಿ. ನನಗೆ ಅವು ಯಾವುವೂ ಮುಖ್ಯವಾಗಲಿಲ್ಲ. “ಬಾಗಿಲಿಗೆ ಬೀಗ ಇದೆಯಾ?” ಎಂದು ಕೇಳಿದೆ. “ಎರಡು ಬೀಗ ಇದೆ ಮಾವ” ಎಂದ. ಬ್ಯಾಗು, ಚಪ್ಪಲಿ, ಫ್ಲಾಸ್ಕು ಎಲ್ಲವನ್ನೂ ಒಳಗೆ ತುಂಬಿ, ಎರಡೂ ಬೀಗ ಜಡಿದು, ಕೈ ಬೀಸಿಕೊಂಡು ಗೋಳಗುಮ್ಮಟದ ಒಳಗೆ ನಡೆಯುವ ನನ್ನ ಚಿತ್ರವನ್ನು ಕಣ್ಣ ಮುಂದೆ ತಂದುಕೊಂಡೇ ಎರಡು ವಾರ ಕಳೆದೆ. ಪಿಸುಗುಟ್ಟುವ ಮೊಗಸಾಲೆಯ ಬಗ್ಗೆ ಸ್ಕೂಲಿನ ಪಾಠದಲ್ಲಿ ಓದಿದ್ದೆ. ಗೋಡೆಯ ಈ ಬದಿಯಲ್ಲಿ ಪಿಸುಗುಟ್ಟಿದರೆ ಆ ಬದಿಯಲ್ಲಿ ಕೇಳುತ್ತದಂತೆ, ಜೋರಾಗಿ ಕೂಗಿದರೆ ಏಳು ಸಲ ಮರುದನಿಯಂತೆ. ಈ ಸಲ ಅದನ್ನು ನನ್ನ ಕಿವಿಯಿಂದಲೇ ಕೇಳದೆ ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದೆ.

ಹೊರಡುವ ದಿನ ಬೆಳಿಗ್ಗೆ ಆ ಗಾಡಿ ಆರ್.ಟಿ. ನಗರದ ನಮ್ಮ ಕ್ರಾಸಿಗೆ ಬಂದು ನಿಂತಾಗ ಇಡೀ ರಸ್ತೆ ಬಂದಾಯಿತು. ಎದುರು ಮನೆಯ ಮುಮ್ತಾಜ್ ಆಪಾ ಬಾಲ್ಕನಿಯಿಂದ ಬಗ್ಗಿ, “ಕ್ಯಾ ಜೀ, ಮನೆ ಖಾಲಿ ಮಾಡ್ತಾ ಇದೀರಾ? ಒಂದು ಮಾತೂ ಹೇಳ್ಲಿಲ್ಲ!” ಎಂದು ಗಾಬರಿಯಾದರು. ಅವರಿಗೆ ವಿವರಿಸಿ ಹೇಳುತ್ತಿರುವಾಗಲೇ ವಿಶಾಲು ಒಳಗಿನಿಂದ ದೊಡ್ಡ ಬೇಸಿನ್ನೊಂದನ್ನು ಹೊತ್ತು ತಂದಳು. ಅದರ ತುಂಬ ಉಪ್ಪು ಮಜ್ಜಿಗೆಯಲ್ಲಿ ನೆನೆದ ಹಸಿಮೆಣಸಿನಕಾಯಿ. “ಇದೇನಿದು?” ಎಂದೆ. “ಕಾಣಲ್ವಾ? ಮಜ್ಜಿಗೆ ಮೆಣಸಿನಕಾಯಿ. ರಾತ್ರಿ ನೆನೆಸ್ಬೇಕು, ಹಗಲು ಒಣಗಿಸ್ಬೇಕು. ಮಧ್ಯದಲ್ಲಿ ಬಿಟ್ರೆ ಬೂಷ್ಟು ಹಿಡಿಯುತ್ತೆ. ಪಕ್ಕದಲ್ಲಿ ನಾಲ್ಕು ಮಹಡಿ ಎದ್ದಮೇಲೆ ನಮ್ಮನೆಗೆ ಬಿಸಿಲೆಲ್ಲಿದೆ? ವಿಜಯಪುರದ ಬಿಸಿಲಿಗೆ ಗರಗರ ಅನ್ನುತ್ತೆ.” ಬೀಗ ಹಾಕಿದ ಗಾಡಿಯೊಳಗೆ ಏನನ್ನು ಬೇಕಾದರೂ ಇಡಬಹುದು, ಒಣಗುವ ಮೆಣಸಿನಕಾಯಿಯನ್ನು ಇಡಲಾಗುವುದಿಲ್ಲ.

ಪ್ರಯಾಣ ಚೆನ್ನಾಗಿಯೇ ಆಯಿತು. ಯಶವಂತಪುರ ದಾಟುವಷ್ಟರಲ್ಲಿ ಮೊಮ್ಮಗಳು ಇಂಚರ ಫ್ರಿಜ್ಜನ್ನು ಹದಿನೈದು ಸಲ ತೆರೆದಿದ್ದಳು. ಮಗಳು ಚೈತ್ರಾ ಚಲಿಸುವ ಗಾಡಿಯಲ್ಲೇ ಕಾಫಿ ಮಾಡಿ, ಅರ್ಧ ಲೋಟಕ್ಕೆ, ಅರ್ಧ ನನ್ನ ಪಂಚೆಗೆ ಬಗ್ಗಿಸಿದಳು. ಬಾಗಲೂರಿನಿಂದ ನಮ್ಮ ಜೊತೆ ಬಂದಿದ್ದ ಬೀಗಿತ್ತಿ, ಅಂದರೆ ಅಳಿಯನ ತಾಯಿ ಗೌರಮ್ಮನವರು, ಕಿಟಕಿ ಪಕ್ಕದ ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, “ಮನೇನೇ ಓಯ್ತಾ ಐತಲ್ಲ ಬೀಗ್ರೇ! ನಮ್ಮ ಅಟ್ಟೀಗೂ ಇಂಗೆ ನಾಕು ಚಕ್ರ ಆಕ್ಸಿದ್ರೆ ಎಷ್ಟ್ ಚೆಂದಾಕಿರ್ತಿತ್ತು” ಎಂದು ದಾರಿಯುದ್ದಕ್ಕೂ ಖುಷಿಪಟ್ಟರು. ಹುಳಿ ಮಜ್ಜಿಗೆಯ ವಾಸನೆಯೊಂದು ಬಿಟ್ಟರೆ ಯಾವ ತೊಂದರೆಯೂ ಇರಲಿಲ್ಲ. ದಾರಿಯಲ್ಲಿ ಒಂದು ರಾತ್ರಿ ತಂಗಿ, ಮಾರನೆಯ ದಿನ ಹತ್ತು ಗಂಟೆ ಹೊತ್ತಿಗೆ ವಿಜಯಪುರ ಮುಟ್ಟಿದೆವು.

ಗುಮ್ಮಟ ದೂರದಿಂದಲೇ ಕಾಣುತ್ತದೆ. ಹತ್ತಿರ ಹೋದಂತೆ ಕತ್ತೆತ್ತಿ ಕತ್ತೆತ್ತಿ ನೋಡಬೇಕಾಗುತ್ತದೆ. ರಸ್ತೆಯಾಚೆ ಗಾಡಿಗಳು ನಿಲ್ಲುವ ಬಯಲಿನಲ್ಲಿ ಅಳಿಯ ಕ್ಯಾರವಾನ್ ನಿಲ್ಲಿಸಿದ. ಅವನು ಬೀಗ ಹುಡುಕುವ ಮೊದಲೇ ವಿಶಾಲು ಮಡಿಚುವ ಮೇಜು ಬಿಡಿಸಿ, ಮೇಲೆ ಹಳೆಯ ಸೀರೆ ಹಾಸಿ, ಮೆಣಸಿನಕಾಯಿ ಹರಡಿದ್ದಳು. ಅವಳ ಬಾಯಿಂದ ಮಾತು ಬರುವ ಮುಂಚೆಯೇ ನಾನು ಶುರುಮಾಡಿದೆ. “ಹೋಗಿ, ಹೋಗಿ. ನಾನಿದ್ದೀನಲ್ಲ ಕಾಯೋಕೆ. ಬಾದಶಹ ಗೋರಿಯೊಳಗೆ ಮಲಗಿದಾನೆ, ನಾನು ಹೊರಗೆ ಮೆಣಸಿನಕಾಯಿ ಪಕ್ಕ ಮಲಗ್ತೀನಿ.” ಚೈತ್ರಾ ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದಳು. ವಿಶಾಲು ಅವಳ ಮೊಣಕೈ ಹಿಡಿದು ಎಳೆದುಕೊಂಡು ಹೊರಟೇಬಿಟ್ಟಳು. ಮೊದಲು ವಸ್ತುಸಂಗ್ರಹಾಲಯ, ಆಮೇಲೆ ಹುಲ್ಲುಹಾಸಿನ ಮೇಲೆ ಚಿತ್ರಾನ್ನ, ಕೊನೆಗೆ ಗುಮ್ಮಟ ಹತ್ತುವುದು ಎಂದು ಅವರ ಯೋಜನೆ. ಮಂಡಿ ನೋವಿನ ಗೌರಮ್ಮನವರು ಕ್ಯಾರವಾನಿನ ಮೆಟ್ಟಿಲ ಮೇಲೆ ಎಲೆಯಡಿಕೆ ಚೀಲ ಬಿಚ್ಚಿ ಕೂತರು.

ಮಜ್ಜಿಗೆ ಮೆಣಸಿನಕಾಯಿ ಕಾಯುವುದು ಚಪ್ಪಲಿ ಕಾಯುವುದಕ್ಕಿಂತ ಕೀಳು ಕೆಲಸ. ಚಪ್ಪಲಿಯನ್ನು ಮಗುಚಿ ಹಾಕುವ ಅಗತ್ಯವಿರುವುದಿಲ್ಲ, ಕೋಲು ಹಿಡಿದು ಕಾಗೆ ಓಡಿಸುವ ಅಗತ್ಯವೂ ಇರುವುದಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ರುಮಾಲಿನ ಹಿರಿಯರೊಬ್ಬರು ನಿಂತು, ಒಂದು ಮೆಣಸಿನಕಾಯಿ ಎತ್ತಿ ಮೂಸಿ, “ಹ್ಯಾಂಗ್ ಕೊಟ್ರಿ ಯಜಮಾನ್ರ?” ಎಂದು ಕೇಳಿದರು. “ಮಾರೋಕಲ್ಲ, ಮನೇದು” ಎಂದೆ. “ಮನೀದು ಮನ್ಯಾಗ ಒಣಗಸೂದ್ ಬಿಟ್ಟು ಇಲ್ಯಾಕ ತಂದೀರಿ?” “ಬೆಂಗಳೂರಿನಲ್ಲಿ ನಮ್ಮನೆಗೆ ಬಿಸಿಲು ಬರಲ್ಲ.” ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಯ್ಯ ಪಾಪ, ಬಿಸಿಲೂ ಸಿಗಂಗಿಲ್ಲೇನ್ರಿ ಅಲ್ಲಿ?” ಎಂದು ನಿಜವಾಗಿ ಮರುಗಿ ಮುಂದೆ ಹೋದರು.

ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಗೌರಮ್ಮನವರು, “ಬೀಗ್ರೇ, ನೀವ್ ಮುಂಚೇನೇ ನೋಡಿದ್ದೀರೇನು ಇದ್ನ? ಓಗ್ಲಿಲ್ವಲ್ಲ?” ಎಂದರು. ಅಷ್ಟು ಕೇಳಿದ್ದೇ ಸಾಕಾಯಿತು. ಮೂವತ್ತಮೂರು ವರ್ಷದ ಚಪ್ಪಲಿ, ಬ್ಯಾಗು, ಫ್ಲಾಸ್ಕುಗಳ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಬೀಗಿತ್ತಿಯ ಮುಂದೆ ಹೆಂಡತಿಯನ್ನು ದೂರಬಾರದು ಎಂಬ ಕನಿಷ್ಠ ತಿಳುವಳಿಕೆಯೂ ನನಗೆ ಆಗ ಉಳಿಯಲಿಲ್ಲ. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ, “ಅಲ್ಲಾ ಬೀಗ್ರೇ, ಬಾಯ್ಬಿಟ್ಟು ಯೋಳ್ಬಾರ್ದಾ? ನಂಗಾದ್ರೆ ಮಂಡಿ ನೋವು. ನಿಮ್ಗೇನ್ ಬಂದೈತೆ? ಏಳಿ, ಎದ್ದೋಗಿ. ಕಾಗೆ ಅಲ್ಲ, ಆನೆ ಬಂದ್ರೂ ನಾನ್ ಓಡಿಸ್ತೀನಿ” ಎಂದು ನನ್ನ ಕೈಯಲ್ಲಿದ್ದ ಕೋಲನ್ನು ಕಿತ್ತುಕೊಂಡರು.

ಮಧ್ಯಾಹ್ನ ಒಂದು ಗಂಟೆ. ಏಪ್ರಿಲ್ ಬಿಸಿಲು. ಗುಮ್ಮಟದ ಬಾಗಿಲ ಬಳಿ ಚಪ್ಪಲಿ ಬಿಟ್ಟೆ. ಜೀವನದಲ್ಲಿ ಮೊದಲ ಸಲ ಯಾರ ಕಾವಲೂ ಇಲ್ಲದೆ ಬಿಟ್ಟ ಚಪ್ಪಲಿ ಅದು, ಎರಡು ಸಲ ತಿರುಗಿ ನೋಡಿದೆ. ಮೂಲೆಯ ಗೋಪುರದೊಳಗೆ ಸುತ್ತಿ ಸುತ್ತಿ ಮೇಲೇರುವ ಕಡಿದಾದ ಮೆಟ್ಟಿಲು. ಕತ್ತಲೆ, ಇಕ್ಕಟ್ಟು. ಏದುಸಿರು ಬಿಡುತ್ತಾ ಹತ್ತಿದೆ. ಮೇಲಿನ ತಾರಸಿಗೆ ಕಾಲಿಟ್ಟರೆ ಕಲ್ಲು ಕಾದ ಕಾವಲಿ. ಅಂಗಾಲು ಚುರುಗುಟ್ಟುತ್ತಿದ್ದುದರಿಂದ ಅತ್ತಿತ್ತ ನೋಡದೆ, ನನ್ನ ಪಾದಗಳನ್ನೇ ನೋಡುತ್ತಾ ಕುಣಿದುಕೊಂಡು ಓಡಿ, ಎದುರಿಗೆ ಸಿಕ್ಕ ಬಾಗಿಲೊಳಗೆ ನುಗ್ಗಿ, ತಂಪಾದ ಗೋಡೆಗೆ ಒರಗಿ ಕುಸಿದು ಕೂತೆ. ಅದೇ ಪಿಸುಗುಟ್ಟುವ ಮೊಗಸಾಲೆ. ಕಡೆಗೂ ಒಳಗಿದ್ದೆ. ನನಗೆ ಕಣ್ಣು ತುಂಬಿ ಬಂತು.

ಆ ಬಿಸಿಲಿಗೆ ಪ್ರವಾಸಿಗರೆಲ್ಲ ಊಟಕ್ಕಿಳಿದಿದ್ದರು. ಒಳಗೆ ನಿಶ್ಶಬ್ದ. ಆಗ ನನ್ನ ಕಿವಿಯ ಪಕ್ಕದಲ್ಲೇ ಚೈತ್ರಾಳ ಪಿಸುದನಿ: “ಪಾಪ ಅಮ್ಮಾ, ಅಪ್ಪನ್ನೂ ಕರ್ಕೊಂಡು ಬರ್ಬೇಕಿತ್ತು. ಪ್ರತಿ ಸಲಾನೂ ಅವರನ್ನೇ ಕೂರಿಸ್ತೀಯ.” ಬೆಚ್ಚಿ ತಿರುಗಿದೆ, ಪಕ್ಕದಲ್ಲಿ ಯಾರೂ ಇಲ್ಲ. ಗುಮ್ಮಟದ ಆಚೆ ಬದಿಯಲ್ಲಿ, ಮಸುಕು ಬೆಳಕಿನಲ್ಲಿ, ನಮ್ಮವರು ಗೋಡೆಗೆ ಒರಗಿ ಕೂತಿದ್ದರು. ಈ ಬದಿಯಲ್ಲಿ ಮುದುಡಿ ಕೂತ ನಾನು ಅವರಿಗೆ ಕಂಡಿರಲಿಲ್ಲ. ವಿಶಾಲು ಪಿಸುಗುಟ್ಟಿದಳು: “ಸುಮ್ನಿರೇ, ನಿಂಗೇನ್ ಗೊತ್ತು. ನಿಮ್ಮಪ್ಪಂಗೆ ಎತ್ತರ ಅಂದ್ರೆ ಆಗಲ್ಲ. ಮದ್ವೆ ಆದ ವರ್ಷ ಶಿವಗಂಗೆಗೆ ಹೋಗಿದ್ವಿ. ಅರ್ಧ ದಾರೀಲಿ ಕಬ್ಬಿಣದ ಕಂಬಿ ತಬ್ಬಿಕೊಂಡು ನಿಂತುಬಿಟ್ರು. ಏನ್ರೀ ಅಂದ್ರೆ ‘ಪ್ರಕೃತಿ ಸೌಂದರ್ಯ ನೋಡ್ತಿದೀನಿ’ ಅಂದ್ರು. ಕಣ್ಣು ಮುಚ್ಕೊಂಡು! ಆಮೇಲೆ ಮೂರು ದಿನ ಮುಖ ಕೊಟ್ಟು ಮಾತಾಡ್ಲಿಲ್ಲ, ಅಷ್ಟು ನಾಚಿಕೆ. ಅವತ್ತಿಂದ ಎಲ್ಲಿ ಹತ್ತೋದಿದ್ರೂ ನಾನೇ ಏನಾದ್ರೂ ಕಾಯೋಕೆ ಕೊಟ್ಟು ಬರ್ತೀನಿ. ಗೊಣಗಿಕೊಳ್ಳಲಿ, ಮರ್ಯಾದೆ ಉಳಿಯುತ್ತಲ್ಲ. ಈ ಸಲ ಗಾಡಿಗೆ ಬೀಗ ಇದೆ ಅಂದಾಗ ನಂಗೆ ದಿಕ್ಕೇ ತೋಚ್ಲಿಲ್ಲ. ಅದಕ್ಕೇ ಕಣೇ ಮೆಣಸಿನಕಾಯಿ ನೆನೆಸಿದ್ದು. ಇಲ್ದಿದ್ರೆ ಅಂಗಡೀಲಿ ಸಿಗಲ್ವಾ?”

ಅಷ್ಟರಲ್ಲಿ ಇಂಚರ ಎದ್ದು ನಿಂತು, ತನ್ನ ಏಳು ವರ್ಷದ ಪೂರ್ತಿ ಗಂಟಲಿನಿಂದ “ತಾತಂಗೆ ಭಯಾನಾ?” ಎಂದು ಕೂಗಿದಳು. ಗುಮ್ಮಟ ಅದನ್ನು ಎತ್ತಿಕೊಂಡಿತು. ಭಯಾನಾ, ಭಯಾನಾ, ಭಯಾನಾ... ಪಾಠದಲ್ಲಿ ಓದಿದ್ದು ಸುಳ್ಳಲ್ಲ, ನಾನೇ ಎಣಿಸಿದೆ, ಸರಿಯಾಗಿ ಏಳು ಸಲ. ಇಷ್ಟು ದೊಡ್ಡ ಕಟ್ಟಡ ಇಷ್ಟು ಸಲ ಕೇಳುತ್ತಿರುವಾಗ ಉತ್ತರ ಕೊಡಬೇಕಾದದ್ದು ನನ್ನ ಧರ್ಮ ಎನ್ನಿಸಿತು. ಭಯವೂ ಇಲ್ಲ ಗಿಯವೂ ಇಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಲು ಮೆಲ್ಲಗೆ ಕಟ್ಟೆಯಂಚಿಗೆ ಸರಿದು ಕೆಳಗೆ ಇಣುಕಿದೆ. ಬಾದಶಹನ ಗೋರಿ ಬೆಂಕಿಪೊಟ್ಟಣದಷ್ಟು ಕಂಡಿತು. ಆಮೇಲೆ ಅದು ನಿಧಾನವಾಗಿ ತಿರುಗತೊಡಗಿತು. ಎರಡೂ ಕೈಯಿಂದ ಹತ್ತಿರದ ಕಲ್ಲನ್ನು ತಬ್ಬಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ವಾಸ್ತುಶಿಲ್ಪದ ಸೌಂದರ್ಯವನ್ನು ನೋಡಿದೆ.

ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ನಾನು ಅವಳಿಗಾಗಿ ತ್ಯಾಗ ಮಾಡುತ್ತಿದ್ದೇನೆ ಎಂದುಕೊಂಡಿದ್ದ ಅಷ್ಟೂ ವರ್ಷ ಅವಳು ನನ್ನನ್ನು ಕಾಯುತ್ತಿದ್ದಳು, ಅದೂ ಒಂದು ಸಲವೂ ಗೊಣಗದೆ. ಈಗ ಎದ್ದು ಹೋಗಿ ಎದುರು ನಿಂತರೆ ಅವಳ ಮೂವತ್ತಮೂರು ವರ್ಷದ ಕೆಲಸ ಕೆಡುತ್ತದೆ. ಗೋಡೆ ಹಿಡಿದುಕೊಂಡು, ಬಹುಪಾಲು ತೆವಳಿಕೊಂಡೇ ಬಾಗಿಲು ದಾಟಿ, ಮೆಟ್ಟಿಲುಗಳನ್ನು ಕೂತು ಕೂತು ಇಳಿದೆ. “ಎಂಗೈತೆ ಮ್ಯಾಕೆ?” ಎಂದರು ಗೌರಮ್ಮನವರು. “ತುಂಬಾ ಚೆನ್ನಾಗಿದೆ. ಆದ್ರೆ ನಾನು ಹೋಗಿದ್ದು ಯಾರಿಗೂ ಹೇಳ್ಬೇಡಿ” ಎಂದೆ. ಅವರು ನನ್ನ ಧೂಳು ಹಿಡಿದ ಮಂಡಿಗಳನ್ನು ನೋಡಿ, “ಆಯ್ತು ಬುಡಿ” ಎಂದು ಕೋಲು ವಾಪಸು ಕೊಟ್ಟು, ಅತ್ತ ತಿರುಗಿ ನಕ್ಕರು. ಎಲ್ಲರೂ ಬರುವಷ್ಟರಲ್ಲಿ ನಾನು ಮೆಣಸಿನಕಾಯಿ ಮಗುಚುತ್ತಿದ್ದೆ.

ಸಂಜೆ ಬಿಸಿಲು ಇನ್ನೂ ಇರುವಾಗಲೇ ಉಪ್ಲಿ ಬುರುಜಿಗೆ ಹೋದೆವು. ಊರ ಮೇಲೆ ಎದ್ದು ನಿಂತಿರುವ ಹಳೆಯ ಕಾವಲು ಗೋಪುರ ಅದು. ಮೆಟ್ಟಿಲುಗಳೂ ಹೊರಗೋಡೆಗೆ ಸುತ್ತಿಕೊಂಡಿವೆ. ವಿಶಾಲು ಮೇಲೆ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಮೆಣಸಿನಕಾಯಿ ಬೇಸಿನ್ನಿನ ಕಡೆ ತಿರುಗಿದಳು. ಅವಳಿಗೆ ತೊಂದರೆ ಕೊಡುವುದು ಬೇಡವೆಂದು ನಾನೇ ಮುಗುಳ್ನಕ್ಕು, “ನೀವೆಲ್ಲ ಆರಾಮಾಗಿ ಹತ್ತಿ ಬನ್ನಿ. ಇನ್ನೂ ಅರ್ಧ ಗಂಟೆ ಬಿಸಿಲಿದೆ, ನಾನು ಇವನ್ನ ಒಣಗಿಸ್ತಿರ್ತೀನಿ” ಎಂದೆ. ವಿಶಾಲು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. “ಯಾಕ್ರೀ, ಮೈಗೆ ಹುಷಾರಿಲ್ವಾ? ಬಿಸಿಲು ಹೊಡೀತೋ ಏನೋ. ಚೈತ್ರಾ, ನೀವು ಹೋಗಿ ಬನ್ನಿ, ನಾನು ಹತ್ತಲ್ಲ. ಇವರ ಜೊತೆ ಇಲ್ಲೇ ಇರ್ತೀನಿ” ಎಂದು ನನ್ನ ಪಕ್ಕ ಕೂತೇಬಿಟ್ಟಳು. ಬುರುಜಿನ ಮೇಲಿನಿಂದ ಇಡೀ ಊರು ಕಾಣುತ್ತದಂತೆ ಎಂದು ಬೆಳಗಿನಿಂದ ಹತ್ತು ಸಲ ಹೇಳಿದ್ದವಳು ಅವಳು.

ಬೇರೆ ದಾರಿಯಿರಲಿಲ್ಲ. ಮುಖ ಗಂಟಿಕ್ಕಿಕೊಂಡು, “ಹೌದು, ಈಗ ನೆನಪಾಯ್ತು ನನ್ನ ಜೊತೆ ಇರೋದು! ಮೂವತ್ತಮೂರು ವರ್ಷದಿಂದ ಊರೂರಲ್ಲಿ ವಾಚ್‌ಮನ್ ಥರ ಕೂರಿಸಿ ಹೋದಾಗ ಎಲ್ಲಿತ್ತು ಈ ಪ್ರೀತಿ? ಹೋಗು, ಹೋಗು, ನೀನ್ಯಾಕೆ ಹತ್ತೋದು ಬಿಡ್ತೀಯ? ನನ್ನ ಹಣೇಲಿ ಬರೆದಿರೋದೇ ಇಷ್ಟು” ಎಂದು ಬುರುಜಿನ ತುದಿಗೂ ಕೇಳುವಂತೆ ಗೊಣಗಿದೆ. ವಿಶಾಲುವಿನ ಮುಖ ಅರಳಿತು. “ಸದ್ಯ, ಏನೂ ಆಗಿಲ್ಲ, ಸರಿಯಾಗೇ ಇದಾರೆ” ಎಂದು ಎದ್ದವಳೇ ಮೊಮ್ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದಳು. ತುದಿಯಲ್ಲಿ ನಿಂತು, ಸೆರಗು ಗಾಳಿಗೆ ಹಾರುತ್ತಿರಲು, ನನ್ನ ಕಡೆ ಎರಡೂ ಕೈ ಬೀಸಿದಳು. ನಾನು ಸಿಡುಕಿನ ಮುಖ ಮಾಡಿಕೊಂಡೇ ಒಂದು ಕೈ ಬೀಸಿದೆ. ಒಳಗೆ ಅಷ್ಟೊಂದು ಸಂತೋಷ ಇಟ್ಟುಕೊಂಡು ಮುಖದ ಮೇಲೆ ಸಿಡುಕನ್ನು ನಿಲ್ಲಿಸಿಕೊಳ್ಳುವುದು ಎಂಥ ಕಷ್ಟದ ಕೆಲಸ ಎಂಬುದು ಆವತ್ತೇ ನನಗೆ ಗೊತ್ತಾದದ್ದು.